ಹೊಗೆ ಕಾಣದ ಮನೆಗೆ ಬಂದ ರೊಟ್ಟಿ

ಘೋಣಸಗಿಯ ಧೂಳಪ್ಪನಿಗೆ ದೇವರು ವಿಚಿತ್ರವಾದ ಕಿವಿ ಕೊಟ್ಟಿದ್ದ. ಯಾರು ಏನೇ ಹೇಳಲಿ, ಅದರಲ್ಲಿ ತನಗೆ ಬೇಕಾದಷ್ಟೇ ಒಳಗೆ ಹೋಗುತ್ತಿತ್ತು. ಉಳಿದದ್ದು ಹೊಸ್ತಿಲಿನ ಹೊರಗೇ ನಿಲ್ಲುತ್ತಿತ್ತು. ಹಾಗೆಂದು ಅವನನ್ನು ಕಿವುಡನೆನ್ನುವಂತಿರಲಿಲ್ಲ. ಊರ ಆಚೆ ತುದಿಯಲ್ಲಿ ಯಾರಾದರೂ "ಧೂಳಪ್ಪನವರು" ಎಂದು ಬಹುವಚನದಲ್ಲಿ ಅಂದರೆ ಈಚೆ ತುದಿಯಿಂದ "ಯಾರ್ರಿ ಕರದದ್ದು?" ಎಂದು ಓಡಿ ಬರುತ್ತಿದ್ದ.

ಈ ಕಿವಿಯನ್ನು ಹೊತ್ತುಕೊಂಡೇ ಅವನು ಒಂದು ದಿನ ಹೆಂಡತಿ ಭೀಮಾಬಾಯಿಯನ್ನು ವಿಜಾಪುರಕ್ಕೆ ಕರೆದೊಯ್ದ. ಎಪ್ಪತ್ತಾರನೆಯ ಇಸವಿಯ ಮಾತು. ಭೀಮಾಬಾಯಿಯ ಕಣ್ಣು ಸದಾ ಕೆಂಪಗೆ, ಸದಾ ನೀರು. ಈಚೆಗೆ ಜೋಳದೊಳಗಿನ ಹರಳು ಕಾಣಿಸುತ್ತಿಲ್ಲ ಎಂದು ಅವಳು ಆರು ತಿಂಗಳಿಂದ ಹೇಳುತ್ತಿದ್ದಳು. ಹರಳು ತನ್ನ ಹಲ್ಲಿಗೆ ಸಿಕ್ಕ ಮೇಲೆಯೇ ಧೂಳಪ್ಪನಿಗೆ ಇದೊಂದು ರೋಗ ಎನ್ನಿಸಿದ್ದು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಕಣ್ಣಿನ ಡಾಕ್ಟರು ಅವಳ ರೆಪ್ಪೆ ಎತ್ತಿ ನೋಡಿ ಕೇಳಿದರು: "ಎಷ್ಟ ವರ್ಷದಿಂದ ಹಿಂಗ ಅದಾವು?"

"ಅಕಿ ಕಣ್ಣ ಹುಟ್ಟಾ ಕೆಂಪರಿ," ಎಂದ ಧೂಳಪ್ಪ, ಹದಿನೆಂಟು ವರ್ಷದ ಸಂಸಾರದ ಅನುಭವದಿಂದ.

ಭೀಮಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹುಟ್ಟಾ ಅಲ್ರಿ, ಇದು ಒಲಿ ಹೊಗಿ ಮಾಡಿದ್ದು," ಎಂದರು ಡಾಕ್ಟರು. "ಇನ್ನೂ ಹೊಗಿಯೊಳಗ ಕುಂತ್ರ ಇದ್ದ ದೃಷ್ಟೀನೂ ಹೋಗ್ತದ. ಔಷಧ ಹಾಕ್ರಿ. ಅಡಗಿ ಮನಿ ಬೆಳಕಿಂಡಿ ದೊಡ್ಡದ ಮಾಡಸ್ರಿ. ದನಾ ಇದ್ರ ಗೋಬರ್ ಗ್ಯಾಸ್ ಹಾಕಸ್ರಿ. ಸಗಣಿ, ನೀರು ಕಲಿಸಿ ಗುಂಡಿಗೆ ಹಾಕಿದ್ರ ಹೊಗಿ ಇಲ್ಲದ ಉರಿ ಬರ್ತದ. ಈಗ ದೊಡ್ಡ ದೊಡ್ಡ ರೈತರೆಲ್ಲಾ ಹಾಕಸಾಕತ್ತಾರ."

ಇಷ್ಟರಲ್ಲಿ ಧೂಳಪ್ಪನ ಕಿವಿಯೊಳಗೆ ಹೋದದ್ದು 'ದೊಡ್ಡ ದೊಡ್ಡ ರೈತರು' ಎಂಬ ಮೂರೇ ಮಾತು. ಬಸ್ಸಿನಲ್ಲಿ ತಿಕೋಟಾ ಮುಟ್ಟುವವರೆಗೂ ಅವನು ಅದನ್ನೇ ಬಾಯಲ್ಲಿ ಚಪ್ಪರಿಸುತ್ತ ಕುಳಿತಿದ್ದ. ಕಣ್ಣಿನ ಔಷಧದ ಬಾಟಲಿ ಭೀಮಾಬಾಯಿಯ ಉಡಿಯಲ್ಲಿತ್ತು.

ತಿಕೋಟಾದಲ್ಲಿ ಗ್ರಾಮಸೇವಕ ಸೈಫುದ್ದೀನರ ಮನೆ. ಮೆತ್ತಗೆ ಮಾತಾಡುವ, ಸೈಕಲ್ಲಿನ ಮೇಲೆ ಊರೂರು ತಿರುಗಿ ಸುಸ್ತಾದ ಮನುಷ್ಯ. ಮನೆಗೆ ಬಂದು ಗ್ಯಾಸ್ ಕೇಳಿದ ಮೊದಲ ರೈತ ಇವನೇ ಎಂದು ಅವರಿಗೆ ಕಣ್ಣಲ್ಲಿ ನೀರು ಬಂತು. "ಆದ್ರ ಧೂಳಪ್ಪನವ್ರ, ಐದ ದನಾ ಆದ್ರೂ ಇರಬೇಕು. ನಾ ಬಂದು ಎಣಿಸಿ ಬರಕೋತೀನಿ," ಎಂದರು.

ಧೂಳಪ್ಪನಲ್ಲಿ ಇದ್ದದ್ದು ಒಂದು ಜೋಡಿ ಎತ್ತು, ಒಂದು ಎಮ್ಮೆ. ಎಷ್ಟು ಸಲ ಎಣಿಸಿದರೂ ಮೂರೇ. ದೊಡ್ಡ ದೊಡ್ಡ ರೈತರಿಗೆ ಮೂರು ಶೋಭಿಸುವ ಸಂಖ್ಯೆಯಲ್ಲ. ಬಗಲ ಮನೆಯ ಅಮಸಿದ್ದನ ಹತ್ತಿರ ಹೋಗಿ ಒಂದು ಮುಂಜಾನೆಯ ಮಟ್ಟಿಗೆ ಎರಡು ಎಮ್ಮೆ ಕೇಳಿ ತಂದು ತನ್ನ ಗೋದಲಿಗೆ ಕಟ್ಟಿಕೊಂಡ. ಎಮ್ಮೆಗಳಿಗೆ ಈ ನಾಟಕ ಒಪ್ಪಿಗೆಯಾಗಲಿಲ್ಲ. ಸೈಫುದ್ದೀನ ಬಂದು ಎಣಿಸುವಾಗ ಎರಡೂ ಅಮಸಿದ್ದನ ಮನೆಯ ಕಡೆ ಮುಖ ಮಾಡಿ ಒಂದೇ ಸಮನೆ ಒದರುತ್ತಿದ್ದವು.

"ಈ ಎರಡ ಎಮ್ಮಿ ಯಾಕ್ರಿ ಆ ಮನಿ ಕಡೆ ನೋಡಾಕತ್ತಾವು?"

"ಅಲ್ಲಿ ಅವುರ ಗೆಳತೇರ ಅದಾರ್ರಿ," ಎಂದ ಧೂಳಪ್ಪ.

ಸೈಫುದ್ದೀನ ಒಳ್ಳೆಯ ಮನುಷ್ಯ. ಎಮ್ಮೆಗೂ ಗೆಳೆತನ ಇರಬಹುದೆಂದು ನಂಬಿ ಐದು ಎಂದು ಬರೆದುಕೊಂಡು ಹೋದರು.

ಹಿತ್ತಲಲ್ಲಿ ಗುಂಡಿ ತೋಡಿದ್ದಾಯಿತು, ಇಟ್ಟಿಗೆ ಕಟ್ಟಿದ್ದಾಯಿತು. ಗುಂಡಿಯ ಮೇಲೆ ಬೋರಲು ಹಾಕುವ ಕಬ್ಬಿಣದ ಡ್ರಮ್ಮು ವಿಜಾಪುರದಿಂದ ಟ್ರ್ಯಾಕ್ಟರಿನಲ್ಲಿ ಬಂದಾಗ ಧೂಳಪ್ಪ ಅದನ್ನು ನೆಟ್ಟಗೆ ಮನೆಗೆ ಒಯ್ಯಲಿಲ್ಲ. ಊರಿಗೆ ಎರಡು ಸುತ್ತು ಹಾಕಿಸಿದ. ಡ್ರಮ್ಮಿನ ಪಕ್ಕದಲ್ಲಿ ಮೀಸೆ ತಿರುವುತ್ತ ನಿಂತ ಅವನನ್ನು ನೋಡಿ ಒಬ್ಬ ಮುದುಕ ಅದರೊಳಗೆ ಮದುಮಗಳು ಇದ್ದಾಳೇನೋ ಎಂದು ಕೇಳಿದನಂತೆ. ಸಂಜೆ ಹನುಮಂತದೇವರ ಕಟ್ಟೆಯ ಮೇಲೆ ಧೂಳಪ್ಪ ಎಲ್ಲರಿಗೂ ಕೇಳುವಂತೆ ಸಾರಿದ: "ಬರೂ ತಿಂಗಳ ಮೊದಲನೇ ಗುರುವಾರದಿಂದ ನಮ್ಮ ಮನಿ ಮ್ಯಾಲ ಒಂದ ಎಳಿ ಹೊಗಿ ಕಂಡ್ರ ಹೇಳ್ರಿ, ಈ ಮೀಸಿ ಬೋಳಸ್ತೀನಿ!"

ಮೀಸೆ ಬೋಳಿಸುವುದೆಂದರೆ ಸಣ್ಣ ಮಾತಲ್ಲ. ಅವರ ಕಡೆ ಮನೆಯ ಹಿರಿಯರು ಸತ್ತಾಗ ಮಾತ್ರ ಗಂಡಸು ಮೀಸೆ ತೆಗೆಸುತ್ತಾನೆ. ಕಟ್ಟೆಯ ಮೇಲಿದ್ದವರು ಈ ಮಾತನ್ನು ಬಹಳ ಆಸ್ಥೆಯಿಂದ ನೆನಪಿಟ್ಟುಕೊಂಡರು.

ಆದರೆ ಡ್ರಮ್ಮು ಏಳಬೇಕಲ್ಲ! ಗ್ಯಾಸು ಕೂಡಿದಂತೆ ಡ್ರಮ್ಮು ತಾನಾಗಿ ಮೇಲೇಳುತ್ತದೆ ಎಂದು ಸೈಫುದ್ದೀನ ಹೇಳಿದ್ದರು. ಐದು ದನಕ್ಕೆಂದು ತೋಡಿದ ಗುಂಡಿ. ಎತ್ತುಗಳು ಹಗಲೆಲ್ಲ ಹೊಲದಲ್ಲಿ, ಅವುಗಳ ಸಗಣಿ ಹೊಲದ ಪಾಲು. ಒಂದು ಎಮ್ಮೆ ಎಷ್ಟೆಂದು ದುಡಿದೀತು? ಡ್ರಮ್ಮು ಊಟ ಮಾಡಿ ಮಲಗಿದ ಬೀಗರ ಹಾಗೆ ಕದಲದೆ ಬಿದ್ದಿತ್ತು. ಧೂಳಪ್ಪ ಅದರ ಮೇಲೆ ಕಂಬಳಿ ಹೊಚ್ಚಿದ. ಕೇಳಿದವರಿಗೆ "ದೃಷ್ಟಿ ಆಗಬಾರದಂತ," ಎಂದ.

ಗುರುವಾರ ಬಂದೇ ಬಂತು. ಅದರ ಜೊತೆಗೆ ಸೈಫುದ್ದೀನರ ಚೀಟಿಯೂ ಬಂತು: ಮುಂದಿನ ಮಂಗಳವಾರ ವಿಜಾಪುರದಿಂದ ದೊಡ್ಡ ಸಾಹೇಬರು ಜೀಪಿನಲ್ಲಿ ಬರುತ್ತಾರೆ, ನಿಮ್ಮ ಗ್ಯಾಸಿನ ಒಲೆ ನೋಡುತ್ತಾರೆ.

ಧೂಳಪ್ಪ ಮುಂಜಾನೆಯೇ ಏಣಿ ಹಾಕಿ ಮಾಳಿಗೆ ಹತ್ತಿದ. ಅಡಿಗೆ ಮನೆಯ ಮೇಲೆ ಹೊಗೆ ಹೋಗಲಿಕ್ಕೆ ಇದ್ದದ್ದು ಮೊಳದಗಲದ ಒಂದೇ ಬೆಳಕಿಂಡಿ. ಅದರೊಳಗೆ ಗೋಣಿಚೀಲ ಸುತ್ತಿ ತುರುಕಿ, ಮೇಲೊಂದು ಕಲ್ಲು ಹೇರಿ ಇಳಿದು ಬಂದ.

"ಡಾಕ್ಟರು ದೊಡ್ಡದ ಮಾಡ್ರಿ ಅಂದಿದ್ರು," ಎಂದಳು ಭೀಮಾಬಾಯಿ.

"ಮಂಗಳವಾರ ತನಕ ತಡಿಯ. ಸಾಹೇಬ್ರ ಬಂದ ಹೋಗಲಿ, ತಗೀತೀನಿ."

"ಕುಳ್ಳೂ ಇಲ್ಲರಿ. ಸಗಣಿ ಎಲ್ಲಾ ಗುಂಡಿಗಿ ಹೋತು. ಹಸಿ ತೊಗರಿ ಕಟ್ಟಿಗಿ ಅದಾವು, ಅವು ಬರೇ ಹೊಗೀನ ಆಗತಾವ."

"ಕದಾ ಮುಂದ ಮಾಡ್ಕೊಂಡ ಮಾಡ. ಯಾರ ಕೇಳಿದ್ರೂ ಗ್ಯಾಸ್ ಅನ್ನು. ನಂದೊಂದ ಮರ್ಯಾದಿ ಪ್ರಶ್ನಿ ಅದ."

ಭೀಮಾಬಾಯಿ ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಧೂಳಪ್ಪ ಹೊರಗೆ ಕಟ್ಟೆಯ ಮೇಲೆ, ಬೇವಿನ ಗಾಳಿಯಲ್ಲಿ, ಬಿಸಿ ರೊಟ್ಟಿ ಉಂಡ. ನಾಲ್ಕು ದಿನ ಹೀಗೆಯೇ ನಡೆಯಿತು. ಅಡಿಗೆ ಮನೆಯ ಹೊಸ್ತಿಲು ಅವನು ಮದುವೆಯಾದಾಗಿನಿಂದ ದಾಟಿದವನಲ್ಲ, ಈಗಲೂ ದಾಟಲಿಲ್ಲ.

ಊರು ಮೆಚ್ಚಿತು. ಹೊತ್ತು ಮುಳುಗುವಾಗ ಎಲ್ಲ ಮಾಳಿಗೆಗಳ ಮೇಲೂ ಹೊಗೆ, ಧೂಳಪ್ಪನ ಮಾಳಿಗೆ ಮಾತ್ರ ತೊಳೆದಿಟ್ಟ ಹಾಗೆ. ಎದುರು ಮನೆಯ ಪರಸವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಈ ಪರಸವ್ವನದು ಊರಿನಲ್ಲಿ ವಿಶೇಷ ಸ್ಥಾನ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ, ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುವವಳು ಅವಳೇ. ಬದುಕಿದ್ದಾಗ ಯಾರಿಗೂ ಕಾಣದ ಗುಣಗಳು ಅವಳಿಗೆ ಕಾಣುತ್ತಿದ್ದವು.

ಭಾನುವಾರ ಬಾವಿಯ ಹತ್ತಿರ ಪರಸವ್ವ ಭೀಮಾಬಾಯಿಯ ಮುಖ ನೋಡಿ ಬೆಚ್ಚಿಬಿದ್ದಳು. ಕಣ್ಣು ಬಾತು ಗೆಣಸಾಗಿದ್ದವು. ನೀರು ಕೊಡದೊಳಗೆ ಬೀಳುತ್ತಿತ್ತೋ ಕೊಡದ ಹೊರಗೆ ಬೀಳುತ್ತಿತ್ತೋ ಅವಳಿಗೇ ಕಾಣುತ್ತಿರಲಿಲ್ಲ.

"ಯಾಕ ಭೀಮಾಬಾಯಿ, ಏನಾಗೇದ ಯವ್ವಾ?"

"ಏನಿಲ್ಲ ಬೇ. ಗ್ಯಾಸು," ಎಂದಳು ಭೀಮಾಬಾಯಿ. ಗಂಡ ಹೇಳಿಕೊಟ್ಟದ್ದು ಅಷ್ಟೇ.

ಇಲ್ಲಿಂದ ಪರಸವ್ವನ ಬುದ್ಧಿ ಓಡಿತು. ಈ ಮೊದಲು ಭೀಮಾಬಾಯಿ ಕಣ್ಣೀರು ಹಾಕಿದರೆ ಹೊಗೆ ಎನ್ನಬಹುದಿತ್ತು. ಈಗ ಮನೆಯಲ್ಲಿ ಹೊಗೆಯೇ ಇಲ್ಲ, ಊರೆಲ್ಲ ಕಂಡದ್ದು. ಹೊಗೆ ಇಲ್ಲದೆ ಹೆಂಗಸು ನಾಲ್ಕು ದಿನ ಹಗಲೂ ರಾತ್ರಿ ಅತ್ತರೆ ಅದಕ್ಕೆ ಕಾರಣ ಒಂದೇ. ಯಾರೋ ಸತ್ತಿದ್ದಾರೆ! ಸತ್ತದ್ದನ್ನು ಧೂಳಪ್ಪ ಮುಚ್ಚಿಟ್ಟಿದ್ದಾನೆ, ಯಾಕೆಂದರೆ ಸೂತಕದ ಮನೆಗೆ ಸಾಹೇಬರು ಹೇಗೆ ಬಂದಾರು?

ಅವಳು ನೆಟ್ಟಗೆ ಬಂದು ಕಟ್ಟೆಯ ಮೇಲಿದ್ದ ಧೂಳಪ್ಪನನ್ನು ಹಿಡಿದಳು. ಅಮಸಿದ್ದನೂ ಅಲ್ಲೇ ಇದ್ದ. "ಧೂಳಪ್ಪಣ್ಣ, ಖರೇ ಹೇಳು. ಭೀಮಾಬಾಯಿ ಯಾಕ ಅಳಾಕತ್ತಾಳ?"

"ಅಕಿ ಕಣ್ಣ ಹುಟ್ಟಾ ಕೆಂಪ."

"ಕೆಂಪ ಗೊತ್ತದ. ಬಾತಾವಲ್ಲ? ಹುಟ್ಟಾ ಬಾತಿದ್ವೇನು?"

ಹೊಗೆ ಎನ್ನುವಂತಿಲ್ಲ, ಎಂದರೆ ಮೀಸೆ ಹೋಗುತ್ತದೆ. ಧೂಳಪ್ಪ ಆಕಾಶ ನೋಡಿದ, ನೆಲ ನೋಡಿದ, ಕಟ್ಟಕಡೆಗೆ ಬಬಲೇಶ್ವರದ ದಿಕ್ಕು ನೋಡಿದ. ಅಲ್ಲಿ ಅವನ ಅತ್ತೆ ಬೋರವ್ವ ಇದ್ದಳು, ಗಟ್ಟಿಮುಟ್ಟಾಗಿ, ತಾನೇ ಎಮ್ಮೆ ಹಿಂಡಿಕೊಂಡು.

"ನಮ್ಮತ್ತಿಗಿ... ಒಂದೀಟ ಆರಾಮಿಲ್ಲ," ಎಂದುಬಿಟ್ಟ.

ಇದೊಂದೇ ಮಾತು ಅವನು ಆಡಿದ್ದು. ಉಳಿದದ್ದನ್ನು ಊರು ನೋಡಿಕೊಂಡಿತು. ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಬೋರವ್ವನಿಗೆ ಜಡ್ಡು ಜೋರಾಯಿತು. ಸಂಜೆಗೆ ಅನ್ನ ನೀರು ಬಿಟ್ಟಳು. ಸೋಮವಾರ ಮುಂಜಾನೆ ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಅವಳು ತೀರಿಹೋದಳು. ಮಧ್ಯಾಹ್ನದ ಬಸ್ಸಿಗೆ ಈ ಸುದ್ದಿ ಬಬಲೇಶ್ವರ ಮುಟ್ಟಿದಾಗ ಬೋರವ್ವ ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದಳು. ಹೇಳಲು ಬಂದವನು ಅವಳನ್ನೇ ನೋಡಿ ತಬ್ಬಿಬ್ಬಾಗಿ, ಹಾಗಾದರೆ ಸತ್ತದ್ದು ಮಗಳಿರಬೇಕು ಎಂದು ತಿದ್ದಿ ಹೇಳಿದ.

ಮಂಗಳವಾರ ಮುಂಜಾನೆ ಧೂಳಪ್ಪ ತಲೆಗೆ ಪಟಕಾ ಸುತ್ತಿಕೊಂಡು ಅಂಗಳಕ್ಕೆ ಬಂದರೆ ಬಾಗಿಲಲ್ಲಿ ಪರಸವ್ವ, ತಲೆಯ ಮೇಲೆ ಬುಟ್ಟಿ. ಅವಳ ಹಿಂದೆ ನೆರೆಮನೆಯ ಮಾಶಾಬಿ, ಕೈಯಲ್ಲಿ ಬೇಳೆಯ ಗಡಿಗೆ. ಅವರ ಹಿಂದೆ ಇಡೀ ಓಣಿಯ ಹೆಂಗಸರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ಅವರ ಹೊಟ್ಟೆ ಓಣಿಯವರು ನೋಡಬೇಕು. ಅದು ಆ ಸೀಮೆಯ ರೀತಿ.

"ಇದೇನ ಇದು? ನಮ್ಮ ಮನಿಯೊಳಗ ಗ್ಯಾಸ್ ಅದ!" ಎಂದ ಧೂಳಪ್ಪ.

"ಗ್ಯಾಸ್ ಆದ್ರೂ ಒಲೀನ ಅಲ್ಲೇನು?" ಎಂದಳು ಪರಸವ್ವ.

"ಗ್ಯಾಸಿಗಿ ಸೂತಕ ಬರಾಂಗಿಲ್ಲ," ಎಂದ ಅಮಸಿದ್ದ. "ಬೂದಿ ಆದ್ರಷ್ಟ ಒಲಿ. ಅದರಾಗ ಬೂದಿ ಎಲ್ಲೇದ?"

ಇದರ ಮೇಲೆ ಅಂಗಳದಲ್ಲಿ ದೊಡ್ಡ ಚರ್ಚೆ ಎದ್ದಿತು. ಅಷ್ಟರಲ್ಲಿ ಜೀಪು ಬಂದು ನಿಂತಿತು. ದೊಡ್ಡ ಸಾಹೇಬರು ಇಳಿದರು, ಹಿಂದೆ ಸೈಫುದ್ದೀನ. ಕಟ್ಟೆಯ ಮೇಲೆ ಒಂಬತ್ತು ಮನೆಯ ರೊಟ್ಟಿ ಎದೆಯೆತ್ತರ ಕೂತಿದ್ದವು. ಸಾಹೇಬರ ಕಣ್ಣು ಅರಳಿದವು.

"ಇಷ್ಟು ರೊಟ್ಟಿ ನಿಮ್ಮ ಗ್ಯಾಸಿನ ಮೇಲೇ ಆದವೇನ್ರಿ?"

"ಹೌದ್ರಿ ಸಾಹೇಬ್ರ," ಎಂದ ಧೂಳಪ್ಪ. ನಾಲಿಗೆಗೆ ಆಗಲೇ ರೂಢಿಯಾಗಿತ್ತು.

ಮುಂಜಾನೆ ನಸುಕಿನಲ್ಲಿ ಎದ್ದು ಕೈ ಸುಟ್ಟುಕೊಂಡು ರೊಟ್ಟಿ ಬಡಿದಿದ್ದ ಪರಸವ್ವ ಇದನ್ನು ಕೇಳಿದಳು. ಬಾಯಿ ತಡೆದುಕೊಂಡದ್ದು ಸಾವಿನ ಮನೆಯಲ್ಲಿ ಜಗಳ ಬೇಡವೆಂದು.

"ಉರಿ ತೋರಿಸ್ರಿ ನೋಡೋಣ," ಎಂದರು ಸಾಹೇಬರು.

ಧೂಳಪ್ಪ ಎರಡೂ ಕೈ ಅಡ್ಡ ಹಿಡಿದ. "ನಿಂದರ್ರಿ, ಒಳಗ ಒಂದೀಟ ಸ್ವಚ್ಛ ಮಾಡಿಸಿ ಬರ್ತೀನಿ," ಎಂದು ಹೇಳಿ, ಹದಿನೆಂಟು ವರ್ಷದಲ್ಲಿ ಮೊದಲ ಸಲ ಅಡಿಗೆ ಮನೆಯ ಹೊಸ್ತಿಲು ದಾಟಿದ. ದಾಟಿ, ಬುದ್ಧಿವಂತನಾದ್ದರಿಂದ, ಕದ ಹಿಂದೆ ಮುಚ್ಚಿಕೊಂಡ.

ಭೀಮಾಬಾಯಿ ಸಾಹೇಬರ ಉಪ್ಪಿಟ್ಟಿಗೆ ಒಲೆ ಹೂಡಿದ್ದಳು. ಧೂಳಪ್ಪನಿಗೆ ಒಲೆ ಕಾಣಲಿಲ್ಲ, ಹೆಂಡತಿ ಕಾಣಲಿಲ್ಲ, ತನ್ನ ಕೈ ತನಗೆ ಕಾಣಲಿಲ್ಲ. ಕಣ್ಣಿಗೆ ಯಾರೋ ಖಾರದಪುಡಿ ಒಗೆದ ಹಾಗಾಯಿತು. ಉಸಿರು ಎಳೆದುಕೊಂಡರೆ ಎದೆಯೊಳಗೆ ಹೋದದ್ದು ಗಾಳಿಯಲ್ಲ. "ಭೀಮಾ!" ಎಂದು ಒದರಿದ. ಮೊಣಕಾಲ ಎತ್ತರದಿಂದ, ನೆಲಕ್ಕೆ ಮುಖ ಹಚ್ಚಿ ಕುಳಿತ ಅವಳ ದನಿ ಬಂತು: "ಕೆಳಗ ಕುಂದರ್ರಿ. ಕೆಳಗ ಒಂದೀಟ ಉಸರ ಸಿಗತದ."

ಐದು ದಿನ ಅವಳು ಕಲಿತದ್ದು ಇದು.

ಧೂಳಪ್ಪ ಕೂರಲಿಲ್ಲ. ಕದ ಕಿತ್ತುಕೊಂಡು ಹೊರಗೆ ಬಿದ್ದ. ಕಣ್ಣೀರು ಮೀಸೆಯ ಮೇಲೆ ಹರಿಯುತ್ತಿತ್ತು, ಪಟಕಾ ಕೊರಳಿಗೆ ಬಂದಿತ್ತು, ಕೆಮ್ಮಿನಲ್ಲಿ ಒಂದು ಅಕ್ಷರ ಹೊರಡುತ್ತಿರಲಿಲ್ಲ. ಎದೆ ಎದೆ ಬಡಿದುಕೊಂಡ.

"ಅಯ್ಯಯ್ಯ! ಪಾಪ, ಇಷ್ಟ ದಿನಾ ತಡದಿದ್ದ ದುಃಖ!" ಎಂದಳು ಮಾಶಾಬಿ.

ಪರಸವ್ವನಿಗೆ ಅಷ್ಟೇ ಸಾಕಾಯಿತು. ಸೆರಗು ಬಾಯಿಗೆ ಹಚ್ಚಿ, ಅಂಗಳದಲ್ಲಿ ಕುಕ್ಕರಿಸಿ, ರಾಗ ಎತ್ತಿದಳು: "ಯವ್ವಾ ಬೋರವ್ವಾ, ಬಬಲೇಶ್ವರದಾಗ ನಿನ್ನಂಥಾಕಿ ಯಾರಿದ್ರ ಯವ್ವಾ! ಬಂದವರಿಗಿ ಮಜ್ಜಿಗಿ ಕೊಟ್ಟಾಕಿ, ಒಬ್ಬರಿಗೂ ಹೇಳದ ಹೋದಿಯಲ್ಲ ಯವ್ವಾ!" ಒಂಬತ್ತು ಮನೆಯ ಹೆಂಗಸರು ದನಿಗೂಡಿಸಿದರು. ದೊಡ್ಡ ಸಾಹೇಬರು ಏನೂ ತಿಳಿಯದೆ ಟೋಪಿ ತೆಗೆದು ತಲೆ ತಗ್ಗಿಸಿ ನಿಂತರು. ಸೈಫುದ್ದೀನ ಎರಡೂ ಕೈ ಎತ್ತಿ ದುವಾ ಮಾಡಿದರು.

"ಹೋಗೇನಿ ಅಂತ ಯಾರ ಹೇಳಿದ್ರ?"

ಬಾಗಿಲಲ್ಲಿ ಬೋರವ್ವ ನಿಂತಿದ್ದಳು. ಮುಂಜಾನೆಯ ಮೊದಲ ಬಸ್ಸು ಹಿಡಿದು, ಅಲ್ಲಿಂದ ನಡೆದು ಬಂದಿದ್ದಳು. ಕಾಲೆಲ್ಲ ಧೂಳು, ಅತ್ತು ಅತ್ತು ಮುಖವೆಲ್ಲ ಬಾಡಿತ್ತು. ಪರಸವ್ವ ಕೈಗೆ ತೆಗೆದುಕೊಂಡ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ಇನ್ನೊಂದು ಸಾಲು ಅತ್ತು ಮುಗಿಸಿ ಬಾಯಿ ಮುಚ್ಚಿದಳು.

"ನನ್ನ ಮಗಳೆಲ್ಲಿ?" ಎಂದಳು ಬೋರವ್ವ. "ಸತ್ತಾಳ ಅಂದ್ರು. ಎಲ್ಲಿ ಇಟ್ಟೀರಿ ನನ್ನ ಮಗಳನ್ನ?"

ತೆರೆದ ಕದದಿಂದ ಹೊಗೆ ಉರುಳಿ ಉರುಳಿ ಬರುತ್ತಿತ್ತು. ಅದರೊಳಗಿಂದ ಭೀಮಾಬಾಯಿ ಗೋಡೆ ತಡವುತ್ತ ಬಂದಳು. "ಯವ್ವಾ?" ಎಂದಳು. ತಾಯಿ ಎರಡು ಮಾರು ದೂರದಲ್ಲಿ ನಿಂತಿದ್ದಳು. ಭೀಮಾಬಾಯಿ ಬೇರೆ ಕಡೆ ಮುಖ ಮಾಡಿ ಕರೆಯುತ್ತಿದ್ದಳು.

ಬೋರವ್ವ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ, ರೆಪ್ಪೆ ಬಿಡಿಸಿ ನೋಡಿದಳು. "ಏನ್ ಆಗ್ಯಾವ್ರಿ ಇವು, ಅಳಿಯಂದಿರ?"

ಧೂಳಪ್ಪನ ಕೆಮ್ಮು ಆಗತಾನೇ ನಿಂತಿತ್ತು. ನಿಲ್ಲಬಾರದಿತ್ತು. ತಲೆಯಲ್ಲಿ ಬೇರೆ ಏನೂ ಇರಲಿಲ್ಲ, ರೂಢಿಯ ಮಾತು ತಾನಾಗಿ ಹೊರಬಿತ್ತು: "ಅಕಿ ಕಣ್ಣ... ಹುಟ್ಟಾ ಕೆಂಪ ಅಲ್ಲೇನ್ರಿ?"

"ಹುಟ್ಟಾ?" ಎಂದಳು ಬೋರವ್ವ. "ಹಡದಾಕಿ ನಾನು! ನನಗ ಹೇಳ್ತೀರಿ? ನಿಮ್ಮ ಕೈಯಾಗ ಕೊಟ್ಟಾಗ ನನ್ನ ಮಗಳ ಕಣ್ಣ ಹಾಲಿನಂಗ ಇದ್ದುವು. ಸೂಜಿಗಿ ದಾರ ನಮ್ಮ ಓಣಿಗೆಲ್ಲಾ ಇಕೀನ ಪೋಣಿಸಿ ಕೊಡತಿದ್ದಳು. ಹದಿನೆಂಟ ವರ್ಷದಾಗ ಒಂದ ಸಲಾನಾದ್ರೂ ನೆಟ್ಟಗ ನೋಡೀರೇನು ಇಕಿ ಮಾರಿ?"

ಧೂಳಪ್ಪನಿಗೆ ನಾಚಿಕೆಯಾಯಿತು. ಇದುವರೆಗೆ ಅವನು ನಾಚಿಕೆಯೆಂದು ತಿಳಿದದ್ದು ಬೇರೆ. ಪಟಕಾ ಬಿಚ್ಚಿದಾಗ, ಬೀಗರ ಮುಂದೆ ಎಡವಿದಾಗ ಆಗುವುದು. ಇದು ಕಿವಿಯನ್ನೇ ಸುಟ್ಟಿತು. ಆ ವಿಚಿತ್ರ ಕಿವಿಗೆ ಡಾಕ್ಟರು ಹೇಳಿದ್ದೆಲ್ಲ, ಒಂದಕ್ಷರ ಬಿಡದೆ, ಈಗ ಕೇಳಿಸಿತು.

ಅವನು ಏಣಿ ಹಾಕಿ ಎಲ್ಲರೆದುರಿಗೆ ಮಾಳಿಗೆ ಹತ್ತಿ ಕಲ್ಲು ಸರಿಸಿದ, ಗೋಣಿಚೀಲ ಹಿರಿದು ಎಸೆದ. ಐದು ದಿನದಿಂದ ತಡೆದಿಟ್ಟ ಹೊಗೆ ಹಗ್ಗ ಹರಿದುಕೊಂಡ ಕುದುರೆಯಂತೆ ಮೇಲೆ ಹೋಯಿತು. ಘೋಣಸಗಿಯಷ್ಟೇ ಏಕೆ, ಆಚೆ ಊರವರಿಗೂ ಕಂಡಿರಬೇಕು. ಧೂಳಪ್ಪ ಅದರ ಪಕ್ಕದಲ್ಲೇ ನಿಂತು ಕೆಳಗೆ ನೋಡುತ್ತ ಹೇಳಿದ: "ಗ್ಯಾಸ್ ಇಲ್ಲರಿ. ಹತ್ತೇ ಇಲ್ಲ. ಐದ ದನಾನೂ ಇಲ್ಲ, ಎರಡ ಅಮಸಿದ್ದಂದು. ರೊಟ್ಟಿ ಪರಸವ್ವಂದು. ಅತ್ತಿಗಿ ಆರಾಮಿಲ್ಲ ಅಂದದ್ದೂ ಸುಳ್ಳ."

ಸೈಫುದ್ದೀನ ಹಿತ್ತಲಿಗೆ ಹೋಗಿ ಕಂಬಳಿ ಎತ್ತಿ ನೋಡಿ, ಮತ್ತೆ ಮೆಲ್ಲಗೆ ಹೊಚ್ಚಿ ಬಂದರು. "ನನಗ ಆವತ್ತ ಖರೇ ಹೇಳಿದ್ರ ಸಣ್ಣ ಗುಂಡಿ ತೋಡಸ್ತಿದ್ದೆ ಧೂಳಪ್ಪನವ್ರ. ಮೂರ ದನಕ್ಕೂ ಅದ ಒಂದ ಅಳತಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಧೂಳಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಾವಿನ ಮನೆಗೆ ತಂದ ರೊಟ್ಟಿ ಮರಳಿ ಒಯ್ಯುವಂತಿಲ್ಲ. ಆದ್ದರಿಂದ ಎಲ್ಲರೂ ಅಲ್ಲೇ ಕುಳಿತು ಉಂಡರು. ಸಾಹೇಬರಿಗೂ ಎರಡು ಹಾಕಿದರು. ತಾನು ಸತ್ತದ್ದಕ್ಕೆ ಬಂದ ರೊಟ್ಟಿಯನ್ನು ಬೋರವ್ವ ಮುಟ್ಟಲಿಲ್ಲ. ಮಗಳ ಸೀರೆ ಎರಡು ಗಂಟು ಕಟ್ಟಿ, "ಗ್ಯಾಸ್ ಖರೇ ಖರೇ ಹತ್ತಿದ ದಿನ ಹೇಳಿ ಕಳಸ್ರಿ. ಅಲ್ಲೀತನಕ ನನ್ನ ಮಗಳು ನನ್ನ ಅಂಗಳದಾಗ ಇರ್ತಾಳ," ಎಂದು ಕೈ ಹಿಡಿದು ನಡೆಸಿಕೊಂಡು ಹೋದಳು. ಭೀಮಾಬಾಯಿ ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಳು. ಅವಳಿಗೆ ಏನು ಕಂಡಿತೋ ಧೂಳಪ್ಪನಿಗೆ ತಿಳಿಯಲಿಲ್ಲ.

"ಧೂಳಪ್ಪಾ," ಎಂದ ಅಮಸಿದ್ದ, ಕೈತೊಳೆದುಕೊಂಡು ಬಂದು. "ಹೊಗಿ ಕಂಡೀವಿ. ಮೀಸಿ?"

ಮೀಸೆ ಆ ಸಂಜೆಯೇ ಹೋಯಿತು.

ಮರುದಿನದಿಂದ ಧೂಳಪ್ಪ ತಾನೇ ಒಲೆ ಹೊತ್ತಿಸತೊಡಗಿದ. ಪಾರ್ವತಿ ಪರಮೇಶ್ವರರೂ ನಗುವಂಥ ರೊಟ್ಟಿ. ಒಂದು ಕಡೆ ಹಸಿ, ಒಂದು ಕಡೆ ಕರಿ. ಬೆಳಕಿಂಡಿಯನ್ನು ಎರಡು ಮೊಳ ಅಗಲ ಮಾಡಿಸಿದ್ದರೂ ಹಸಿ ಕಟ್ಟಿಗೆಯ ಹೊಗೆ ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಊದಿ ಊದಿ ಅವನ ಕಣ್ಣು ಕೆಂಡವಾದವು. ಹೊತ್ತು ಮೂಡುವ ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು, ಅಮಸಿದ್ದನ ಕೊಟ್ಟಿಗೆಗೆ ಹೋಗಿ ಸಗಣಿ ಬಾಚಿ ತರುತ್ತಿದ್ದ. ಗುಂಡಿಯಿಂದ ಹೊರಬಿದ್ದ ಗೊಬ್ಬರ ಅಮಸಿದ್ದನ ಹೊಲಕ್ಕೆ ಎಂಬ ಮಾತಿನ ಮೇಲೆ ಅವನು ಒಪ್ಪಿದ್ದ. ಎಮ್ಮೆಗಳು ಧೂಳಪ್ಪನನ್ನು ನೋಡಿದ ಕೂಡಲೇ ಮುಖ ತಿರುಗಿಸುತ್ತಿದ್ದವು. ದಾರಿಯಲ್ಲಿ ಕಂಡ ಪರ ಊರವರೆಲ್ಲ ಬೋಳು ಮೂತಿ, ಕೆಂಪು ಕಣ್ಣು ನೋಡಿ ಮರುಗುತ್ತಿದ್ದರು: "ಯಾರ ತೀರಿದ್ರೋ ತಮ್ಮಾ?"

"ಯಾರೂ ತೀರಿಲ್ಲರಿ," ಎನ್ನುತ್ತಿದ್ದ. "ಹೊಗಿ."

ಇಪ್ಪತ್ತೆಂಟನೆಯ ದಿನ ಡ್ರಮ್ಮು ಕಂಬಳಿಯನ್ನು ಹೊತ್ತುಕೊಂಡೇ ಮೊಳದೆತ್ತರ ಎದ್ದಿತ್ತು. ಸೈಫುದ್ದೀನ ಬಂದು ಕಡ್ಡಿ ಗೀರಿದರು. ಒಲೆಯ ಮೇಲೆ ನೀಲಿ ಉರಿ ಹೂವಿನ ಹಾಗೆ ಅರಳಿತು. ಹೊಗೆ ಇಲ್ಲ, ಮಸಿ ಇಲ್ಲ. ಧೂಳಪ್ಪ ಈ ಸಲ ಕಟ್ಟೆಯ ಕಡೆ ಹೋಗಲಿಲ್ಲ. ಆಗಿಂದಾಗಲೇ ಬಬಲೇಶ್ವರಕ್ಕೆ ಹೇಳಿಕಳಿಸಿದ.

ಶುಕ್ರವಾರ ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಅವನು ಎರಡು ತಾಸು ಮೊದಲೇ ಬಂದು ನಿಂತಿದ್ದ. ಬಸ್ಸು ಬಂತು. ಒಬ್ಬೊಬ್ಬರೇ ಇಳಿದರು. ಹಸಿರು ಸೀರೆಯ ಒಬ್ಬ ಹೆಂಗಸು ಗಂಟು ಹಿಡಿದು ಇಳಿದು, ಇವನ ಮುಂದೆಯೇ ಬಂದು ನಿಂತಳು. ಬೆಳ್ಳಗಿನ, ಅಗಲವಾದ, ನಗುವಿನಂಚಿನ ಕಣ್ಣು. ಯಾರ ಮನೆಯವಳೋ ಎಂದು ಧೂಳಪ್ಪ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಎಲ್ಲಿ ಸರೀತೀರಿ? ನಾನ," ಎಂದಳು ಭೀಮಾಬಾಯಿ.

ಧೂಳಪ್ಪ ನೋಡಿದ. ಹದಿನೆಂಟು ವರ್ಷಕ್ಕೆ ಒಮ್ಮೆ ನೆಟ್ಟಗೆ ನೋಡಿದ. ನೋಡಲಾರದೆ ನೆಲ ನೋಡಿದ. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದು ಮರೆತೇಹೋಯಿತು.

ಅವಳು ಅವನ ಬೋಳು ಮೂತಿಯನ್ನೂ ನೀರು ಸುರಿಯುವ ಕಣ್ಣುಗಳನ್ನೂ ಬಿಡದೆ, ನಿಧಾನವಾಗಿ ನೋಡಿದಳು. "ನಿಮ್ಮ ಕಣ್ಣಿಗಿ ಏನಾಗೇದ್ರಿ?"

ಧೂಳಪ್ಪ ಪಟಕಾದ ತುದಿಯಿಂದ ಕಣ್ಣೊರೆಸಿಕೊಂಡ.

"ಇರ್ಲಿ ಬಿಡ್ರಿ," ಎಂದಳು ಭೀಮಾಬಾಯಿ. "ಹುಟ್ಟಾ ಕೆಂಪ ಇರಬೇಕು."

ಧೂಳಪ್ಪ ಗಂಟು ತೆಗೆದುಕೊಂಡು ತಲೆಯ ಮೇಲಿಟ್ಟುಕೊಂಡ. ಘೋಣಸಗಿ ಬರುವವರೆಗೂ ಅವಳು ಮುಂದೆ, ಅವನು ಹಿಂದೆ ನಡೆದ.